ನಿಮ್ ಗೇಮಲ್ಲಿ ಡ್ರೋನ್ ಯಾಕಿಲ್ಲ ಗುರು?

ನಾನು ಟ್ವೈಲೈಟ್ 2000 ಆಡಿಸ್ತೀನಿ ಅಂತ ಗೊತ್ತಾದ ತಕ್ಷಣ ಎಲ್ರೂ ಕೇಳೋದು ಇದನ್ನೇ. ಉಕ್ರೇನಲ್ಲಿ ಒಂದು ಸಣ್ಣ ಎಫ್‌ಪಿವಿ ಡ್ರೋನ್ (ಅದರ ಕ್ಯಾಮೆರಾದಲ್ಲಿ ನೋಡ್ತಾ ಗುರಿಗೇ ಡಿಕ್ಕಿ ಹೊಡಿಸೋದು) ಟ್ಯಾಂಕನ್ನೇ ಮುಗಿಸ್ತಿದೆ, ನನ್ ಕ್ಯಾರೆಕ್ಟರಿಗೂ ಒಂದು ಕೊಡು ಅಂತ. ಗೇಮ್ ಗೊತ್ತಿಲ್ದೋರಿಗೆ: 1984ರಲ್ಲಿ ಬಂದ ಟೇಬಲ್‌ಟಾಪ್ ಆಟ ಇದು, ಮೇಜಿನ ಸುತ್ತ ಕೂತು ಒಬ್ಬೊಬ್ರು ಒಂದೊಂದು ಪಾತ್ರ ಆಗಿ ಡೈಸ್ ಉರುಳಿಸಿ ಆಡೋದು, ನ್ಯಾಟೋಗೂ ಸೋವಿಯತ್ತಿಗೂ ಅಣುಯುದ್ಧ ಆಗಿ ಎಲ್ಲಾ ಹಾಳಾಗಿರೋ 2000ನೇ ಇಸವಿ, ಪೋಲೆಂಡಿನ ಕಾಲಿಶ್ ಹತ್ರ ಡಿವಿಷನ್ನೇ ಚೆಲ್ಲಾಪಿಲ್ಲಿ ಆಗಿ ಉಳ್ಕೊಂಡ ನಾಲ್ಕೈದು ಅಮೆರಿಕನ್ ಸೈನಿಕರು ನಾವು.

ಡ್ರೋನ್ ಆ ಕಾಲಕ್ಕೆ ಇರ್ಲಿಲ್ಲ ಅಂತಲ್ಲ. 1982ರಲ್ಲೇ ಇಸ್ರೇಲ್‌ನೋರು ಲೆಬನಾನಿನ ಬೆಕಾ ಕಣಿವೆಯಲ್ಲಿ ಸಿರಿಯಾದ ಮಿಸೈಲ್ ಬ್ಯಾಟರಿಗಳನ್ನ ಹುಡುಕೋಕೆ ಬಳಸಿದ್ರು. 1991ರ ಗಲ್ಫ್ ಯುದ್ಧದಲ್ಲಂತೂ ಹಡಗಿನ ಫಿರಂಗಿಗೆ ಗುರಿ ತೋರಿಸೋ ಅಮೆರಿಕದ ಪಯನೀರ್ ಡ್ರೋನ್ ಮೇಲೆ ಸುತ್ತಾಡ್ತಿರೋದು ನೋಡಿ, ಇನ್ನೇನು ಗುಂಡು ಬೀಳುತ್ತೆ ಅಂತ ಇರಾಕಿ ಸೈನಿಕರು ಬಿಳಿ ಬಟ್ಟೆ ಬೀಸಿ ಡ್ರೋನಿಗೇ ಶರಣಾದ್ರು. ಸೋವಿಯತ್ ಕಡೆ ಟಿಯು-143 ಇತ್ತು, ಲಾರಿಯಿಂದ ಹಾರೋ ಜೆಟ್ಟು, ಮೊದಲೇ ಹೇಳಿಕೊಟ್ಟ ದಾರೀಲಿ ಹೋಗಿ ಫಿಲ್ಮಲ್ಲಿ ಫೋಟೋ ತೆಗ್ದು ಪ್ಯಾರಾಶೂಟಲ್ಲಿ ಇಳಿಯೋದು, ಆಮೇಲೆ ಆ ಫಿಲ್ಮ್ ತೊಳೀಬೇಕು, ತೊಳೆದು ನೋಡೋ ಹೊತ್ತಿಗೆ ಶತ್ರು ಊಟ ಮುಗಿಸ್ಕೊಂಡು ಜಾಗ ಖಾಲಿ ಮಾಡಿರ್ತಾನೆ.

ಇವೆಲ್ಲಕ್ಕೂ ಹಿಂದೆ ಒಂದು ಯೂನಿಟ್ಟೇ ಬೇಕು ಕಣ್ರೀ. ಉಡಾಯಿಸೋರು, ಹಿಡಿಯೋರು, ಸ್ಪೇರ್ ಪಾರ್ಟ್ಸು, ಕಂಟ್ರೋಲ್ ಸ್ಟೇಷನ್ನು. ಪಯನೀರನ್ನ ಹಡಗಿಂದ ಹಾರಿಸೋಕೆ ರಾಕೆಟ್ ಬೂಸ್ಟರ್, ವಾಪಸ್ ಹಿಡಿಯೋಕೆ ದೊಡ್ಡ ಬಲೆ. ಡೀಸೆಲ್ ಇಲ್ದೆ ಹೆಂಡದ ಬಟ್ಟಿ ಇಳಿಸ್ಕೊಂಡು ಗಾಡಿ ಓಡಿಸೋ ನಮ್ ಸೈನಿಕರ ಗುಂಪಿಗೆ ಅದೆಲ್ಲ ಎಲ್ಲಿಂದ ಬರುತ್ತೆ?

ನಾಲ್ಕು ಫ್ಯಾನಿನ ಕ್ವಾಡ್‌ಕಾಪ್ಟರ್ ಕೇಳ್ಲೇಬೇಡಿ. ಹಗುರ ಲಿಥಿಯಂ ಬ್ಯಾಟರಿ, ಡ್ರೋನ್ ವಾಲದಂತೆ ನೋಡ್ಕೊಳ್ಳೋ ಅಗ್ಗದ ಗೈರೋ ಚಿಪ್ಪು ಇವೆಲ್ಲ ಸ್ಮಾರ್ಟ್‌ಫೋನ್ ಜೊತೆಗೇ ಊರೆಲ್ಲಾ ಹಬ್ಬಿದ್ದು.

ಆಯ್ತಪ್ಪ, ಕಥೇನ ಇವತ್ತಿನ ಕಾಲಕ್ಕೇ ಇಡೋಣ ಅಂತಾರೆ ಕೆಲವ್ರು. ಇಡಿ, ಮೊದಲ ಕೆಲವು ತಿಂಗಳು ಡ್ರೋನಿಂದೇ ರಾಜ್ಯ, ಒಪ್ತೀನಿ. ಆದ್ರೆ ಉಕ್ರೇನಲ್ಲಿ ಎಫ್‌ಪಿವಿ ನಡೀತಿರೋದು ಮೋಟರು, ಬ್ಯಾಟರಿ, ಚಿಪ್ಪು ಹೆಚ್ಚಾಗಿ ಚೀನಾದಿಂದ ಬರ್ತಾನೇ ಇರೋದ್ರಿಂದ. ಹೋದ ಡ್ರೋನ್ ವಾಪಸ್ ಬರಲ್ಲ, ನಾಳೆಗೆ ಇನ್ನೊಂದು ಬೇಕು. ಫ್ಯಾಕ್ಟರಿನೂ ಹಡಗೂ ನಿಂತ ಲೋಕದಲ್ಲಿ ಲೈಪೋ ಪ್ಯಾಕ್ (ಡ್ರೋನಿನ ಲಿಥಿಯಂ ಬ್ಯಾಟರಿ) ಫುಲ್ ಚಾರ್ಜಲ್ಲಿ ಮೂಲೇಲಿ ಬಿದ್ದಿದ್ರೆ ಉಬ್ಕೊಳ್ಳುತ್ತೆ, ಪೋಲೆಂಡಿನ ಚಳೀಲಿ ಹಾರೋ ಸಮಯ ಇನ್ನೂ ಕಮ್ಮಿ. ಜಿಪಿಎಸ್ ಉಪಗ್ರಹ ಮೇಲೆ ಸುತ್ತುತ್ತಿದ್ರೂ ನೆಲದಿಂದ ಗಡಿಯಾರ, ಕಕ್ಷೆ ಲೆಕ್ಕ ಸರಿ ಮಾಡೋರಿಲ್ಲದಿದ್ರೆ ದಿನಾ ದಿನಾ ತಪ್ಪು ಜಾಗ ತೋರಿಸ್ತಾ ಹೋಗುತ್ತೆ.

ನನ್ ಪ್ರಕಾರ ಹಳೇ ಕಾಲದ ಆರ್‌ಸಿ, ಅಂದ್ರೆ ರಿಮೋಟಲ್ಲಿ ಹಾರ್ಸೋ ಆಟದ ಏರೋಪ್ಲೇನೇ ಇಂಥ ಲೋಕಕ್ಕೆ ಸರಿ. ಅದರ ಗ್ಲೋ ಇಂಜಿನ್ ಓಡೋದು ಮೆಥನಾಲಲ್ಲಿ, ಜೊತೆಗೆ ಲೂಬ್ರಿಕೇಷನ್ನಿಗೆ ಹರಳೆಣ್ಣೆ, ಹೌದು ಅದೇ, ಅಜ್ಜಿ ಹೊಟ್ಟೆ ಕ್ಲೀನ್ ಆಗ್ಲಿ ಅಂತ ಕುಡಿಸ್ತಿದ್ದ ಹರಳೆಣ್ಣೆ! ಮೆಥನಾಲ್ ನಮ್ ಗೇಮಲ್ಲಿ ಮರದಿಂದಾನೂ ಇಳಿಸ್ಕೋಬಹುದು. ಇಂಧನ ಹೊತ್ತಿಸೋ ಗ್ಲೋ ಪ್ಲಗ್ಗಿನ ಪ್ಲಾಟಿನಂ ಸುರುಳಿ ಸುಟ್ಟೋದ್ರೆ ಮಾತ್ರ ಕಥೆ ಮುಗೀತು, ಹಳ್ಳಿ ಕಮ್ಮಾರ ಅದನ್ನ ಮಾಡಿಕೊಡಲ್ಲ.

ಅದಕ್ಕೇ ನನ್ ಟೇಬಲ್ಲಲ್ಲಿ ರೂಲ್ ಇಷ್ಟೇ: ಯಾವ್ದೋ ಊರಿನ ಏರೋಮಾಡೆಲಿಂಗ್ ಕ್ಲಬ್ಬಿನ ಶೆಡ್ಡಲ್ಲಿ ಒಂದು ಪ್ಲೇನ್, ಮೂರು ಪ್ಲಗ್ಗು ಸಿಗಬಹುದು. ಕ್ಯಾಮೆರಾ ಕಟ್ಟಿ ಹಾರ್ಸಿ, ಆದ್ರೆ ಆ ಇಂಜಿನ್ ಕಿರುಚೋ ಸದ್ದು ಕೇಳಿದೋರೆಲ್ಲ ನಿಮ್ಮನ್ನ ಹುಡುಕ್ಕೊಂಡು ಬರ್ತಾರೆ, ಇಳಿಸೋವಾಗ ಡೈಸ್ ಕೈಕೊಟ್ರೆ ನನ್ನ ಬೈಬೇಡಿ.