ತಿರುವಿಹಾಕದ ಪುಟ

ನನಗೆ ಕಾರು ಓಡಿಸಲು ಬರುವುದಿಲ್ಲವೆಂದು ನನಗೆ ತಿಳಿದದ್ದು 2014ರಲ್ಲಿ. ಅಷ್ಟರಲ್ಲಿ ಹದಿನೈದು ವರ್ಷ ಓಡಿಸಿದ್ದೆ. ಮಳೆಗಾಲದ ಶಿರಾಡಿ ಘಾಟಿಯನ್ನು ಎಷ್ಟು ಸಲ ಹತ್ತಿಳಿದೆನೋ ಲೆಕ್ಕವಿಲ್ಲ.

ಸಂತೆಯ ದಿನ ಟೆಂಪೋ ಒಂದು ರಿವರ್ಸ್ ಬಂದು ನನ್ನ ಕಾರಿನ ಬಾನೆಟ್ ನಜ್ಜುಗುಜ್ಜು ಮಾಡಿತು. ಗ್ಯಾರೇಜಿಗೆ ಬಂದ ವಿಮಾ ಸರ್ವೇಯರ್ ನನ್ನ ಲೈಸೆನ್ಸ್ ಕಾರ್ಡನ್ನು ತಿರುಗಿಸಿ ನೋಡಿ, ‘ಸರ್, ಇದರಲ್ಲಿ ಬೈಕ್ ಮಾತ್ರ ಇದೆಯಲ್ಲ?’ ಎಂದರು. ಹೌದು, ಎಂಸಿಡಬ್ಲ್ಯುಜಿ ಎಂಬ ಒಂದೇ ಸಾಲು. ಕಾರಿಗೆ ಬೇಕಾದ ಎಲ್‌ಎಂವಿ ಇಲ್ಲ. ಆ ಕಾರ್ಡು ಒಂದು ವರ್ಷದಿಂದ ನನ್ನ ಜೇಬಿನಲ್ಲಿತ್ತು. ಫೋಟೊ ಚೆನ್ನಾಗಿ ಬಂದಿಲ್ಲವೆಂದು ಗೊಣಗಿದ್ದೆನೇ ಹೊರತು ಹಿಂಬದಿಯನ್ನು ಓದಿರಲಿಲ್ಲ.

ಆದದ್ದಿಷ್ಟು. 1993ರಲ್ಲಿ ಬೈಕಿಗೆಂದು ಲೈಸೆನ್ಸ್ ಮಾಡಿಸಿದಾಗ ಕೊಟ್ಟದ್ದು ಪುಟ್ಟ ಪುಸ್ತಕ. 1999ರಲ್ಲಿ ಕಾರಿನ ಪರೀಕ್ಷೆ ಪಾಸಾದಾಗ ಅದರ ಒಳಪುಟದಲ್ಲಿ ಕೈಬರಹದಲ್ಲಿ ಬರೆದು ಗುಂಡು ಮೊಹರು ಒತ್ತಿದ್ದರು. ಇಪ್ಪತ್ತು ವರ್ಷದ ಅವಧಿ ಮುಗಿದು 2013ರಲ್ಲಿ ನವೀಕರಣಕ್ಕೆ ಹೋದಾಗ ಪುಸ್ತಕ ಇಟ್ಟುಕೊಂಡು ಕಾರ್ಡ್ ಕೊಟ್ಟರು. ಕಂಪ್ಯೂಟರಿಗೆ ತುಂಬಿಸಿದವರು ಒಳಪುಟವನ್ನು ತಿರುವಿಹಾಕಿರಲಿಲ್ಲ.

‘ಹಳೆಯ ಪುಸ್ತಕ ತನ್ನಿ, ಸರಿ ಮಾಡೋಣ’ ಎಂದರು ಸಾರಿಗೆ ಕಚೇರಿಯ ಕೇಸ್ ವರ್ಕರ್.

‘ಅದನ್ನು ನೀವೇ ಇಟ್ಟುಕೊಂಡಿರಲ್ಲ?’

‘ಜೆರಾಕ್ಸ್ ಇರಬೇಕಲ್ಲ?’

ಇತ್ತು. ಪಡಿತರ ಚೀಟಿಯಿಂದ ಹಿಡಿದು ಹಾಲಿನ ಡೇರಿಯ ಪಾಸ್‌ಬುಕ್ಕಿನವರೆಗೆ ಎಲ್ಲದರ ಜೆರಾಕ್ಸ್ ಇಡುವ ಮನುಷ್ಯ ನಾನು. ಮನೆಗೆ ಬಂದು ಕಡತ ಬಿಚ್ಚಿದರೆ, ಫೋಟೊ ಇರುವ ಮೊದಲ ಪುಟವನ್ನಷ್ಟೇ ಮಾಡಿಸಿಟ್ಟಿದ್ದೆ. ಕಚೇರಿಯನ್ನು ಬೈಯುವ ಹುಮ್ಮಸ್ಸು ಅಲ್ಲಿಗೆ ಅರ್ಧ ಇಳಿಯಿತು.

ಹಳೆಯ ರಿಜಿಸ್ಟರ್ ನೋಡಿ ಎಂದು ಅರ್ಜಿ ಕೊಟ್ಟೆ. ಪಕ್ಕದ ತಾಲ್ಲೂಕಿನಲ್ಲಿ ಹೊಸ ಕಚೇರಿ ಆದಾಗ ಆ ಭಾಗದವರ ಕಡತಗಳೆಲ್ಲ ಅಲ್ಲಿಗೆ ಹೋದವು ಎಂದರು. ಅಲ್ಲಿಗೆ ಹೋದರೆ, ‘ನಮಗೆ ಬಂದದ್ದು ವಾಹನಗಳ ಕಡತ, ಲೈಸೆನ್ಸಿನದು ಅಲ್ಲೇ ಇದೆ’ ಎಂಬ ಉತ್ತರ. ಹೀಗೆ ನಾಲ್ಕು ಸಲ ಅಲೆದೆ, ನಾಲ್ಕೂ ಸಲ ಬಸ್ಸಿನಲ್ಲಿ. ಯಾರೂ ಒರಟಾಗಿ ಮಾತನಾಡಲಿಲ್ಲ, ಒಬ್ಬರಂತೂ ಕಾಫಿಯನ್ನೂ ಕುಡಿಸಿದರು. ರಿಜಿಸ್ಟರ್ ಮಾತ್ರ ಸಿಗಲಿಲ್ಲ. ಕೊನೆಗೆ ಹೊರಗಿನ ಮರದ ಕೆಳಗಿದ್ದ ಏಜೆಂಟ್ ಹೇಳಿದ: ‘ಹುಡುಕುವುದಕ್ಕಿಂತ ಹೊಸದಾಗಿ ಕಲಿತುಬಿಡಿ ಸರ್, ಬೇಗ ಆಗುತ್ತದೆ.’

ಎಲ್‌ಎಲ್‌ಆರ್ ಮಾಡಿಸಿದೆ. ಪರೀಕ್ಷೆಗೆ ಮೂವತ್ತು ದಿನ ಕಾಯಬೇಕು. ಅಲ್ಲಿಯವರೆಗೆ ಕೆಂಪಕ್ಷರದ ಎಲ್ ಬೋರ್ಡ್, ಪಕ್ಕದಲ್ಲಿ ಲೈಸೆನ್ಸ್ ಇರುವವರು. ನಮ್ಮ ಮನೆಯಲ್ಲಿ ಅದು ಇದ್ದದ್ದು ಮಗಳಿಗೆ ಮಾತ್ರ. ಅವಳಿಗೆ ಕಲಿಸಿದವನು ನಾನೇ. ಅವಳು ಸೀಟ್ ಬೆಲ್ಟ್ ಎಳೆದುಕೊಂಡು ಗಂಭೀರವಾಗಿ ಕುಳಿತು, ‘ಅಪ್ಪಾ, ಕ್ಲಚ್ ಮೇಲಿಂದ ಕಾಲು ತೆಗೆ’ ಎಂದಳು. ಎರಡು ವರ್ಷದ ಹಿಂದೆ ಅದೇ ಮಾತನ್ನು ನಾನು ಅವಳಿಗೆ ಬೈಗುಳದ ಸಮೇತ ಹೇಳಿದ್ದೆ.

ಪರೀಕ್ಷೆಯ ದಿನ ಬ್ರೇಕ್ ಇನ್‌ಸ್ಪೆಕ್ಟರ್, ‘ಕೈ ಚೆನ್ನಾಗಿ ಕುದುರಿದೆ, ಯಾವ ಡ್ರೈವಿಂಗ್ ಸ್ಕೂಲು?’ ಎಂದು ಕೇಳಿದರು. ಮಗಳತ್ತ ಕೈ ತೋರಿಸಿದೆ.

ವಿಮೆಯ ಹಣ ಬರಲಿಲ್ಲ. ಬಾನೆಟ್ಟಿಗೆ ಕೈಯಿಂದಲೇ ತೆತ್ತೆ. ಅಂಚೆಯಲ್ಲಿ ಬಂದ ಹೊಸ ಕಾರ್ಡನ್ನು ಮಗಳು ಮೊದಲು ಹಿಂಬದಿಗೆ ತಿರುಗಿಸಿದಳು. ಎಲ್‌ಎಂವಿ ಇತ್ತು. ಪಕ್ಕದಲ್ಲಿ ದಿನಾಂಕ, 2014ರದು. ತನ್ನ ಕಾರ್ಡನ್ನು ತಂದು ಪಕ್ಕದಲ್ಲಿಟ್ಟು ಹೋಲಿಸಿ, ‘ನನಗಿಂತ ಎರಡು ವರ್ಷ ಜೂನಿಯರ್ ನೀನು’ ಎಂದಳು.