ಇಷ್ಟು ನಿಧಾನದ್ದನ್ನು ಕಲಿಯೋಕೂ ಮೇಷ್ಟ್ರು ಬೇಕಾ?

ನಿಧಾನವಾಗಿ ಮೈಕೈ ಆಡಿಸುವ ಚೀನಾದ ವ್ಯಾಯಾಮ ತಾಯ್ ಚಿ ಕಲೀತಿದ್ದೀನಿ ಅಂದ ಕೂಡಲೇ ಎದುರಿನವರು ಕೇಳುವುದು ಇದನ್ನೇ: "ವಿಡಿಯೋ ನೋಡ್ಕೊಂಡು ಮಾಡಿದ್ರೆ ಆಗಲ್ವಾ? ಅಷ್ಟು ನಿಧಾನವಾಗಿ ಕೈ ಆಡಿಸೋದಕ್ಕೆ ಮೇಷ್ಟ್ರು ಯಾಕೆ?"

ನಾನೂ ಮೂರು ತಿಂಗಳು ವಿಡಿಯೋ ನೋಡಿಯೇ ಕಲಿತವಳು. 24 ಭಂಗಿಗಳ ಸರಣಿ ಬಾಯಿಪಾಠದ ಹಾಗೆ ಬರುತ್ತಿತ್ತು. ತಾಯ್ ಚಿಯ ಶೈಲಿಗಳಲ್ಲೊಂದಾದ ಯಾಂಗ್ ಶೈಲಿಯ ಉದ್ದನೆಯ ಸರಣಿಯನ್ನು ಮೊಟಕು ಮಾಡಿ, 1956ರಲ್ಲಿ ಚೀನಾದ ಕ್ರೀಡಾ ಆಯೋಗ ಜನಸಾಮಾನ್ಯರಿಗೆಂದು ರೂಪಿಸಿದ ಸರಣಿ ಅದು. ಐದಾರು ನಿಮಿಷದಲ್ಲಿ ಮುಗಿಯುತ್ತದೆ. ನನಗೆ ಸರಣಿಯ ಜೊತೆಗೆ ಎಡಮಂಡಿಯ ನೋವೂ ಬಂತು.

ಮೇಷ್ಟ್ರ ಬಳಿ ಹೋದ ಮೊದಲ ದಿನ ಇಡೀ ಸರಣಿ ಮಾಡಿ ತೋರಿಸಿದೆ. ಹೊಗಳುತ್ತಾರೆ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. "ಮೊದಲ ಹೆಜ್ಜೆ ಮಾತ್ರ ಇನ್ನೊಂದ್ಸಲ ಮಾಡಿ" ಅಂದರು. ಕಾಲು ಮುಂದಿಟ್ಟೆ. "ಹಾಗೇ ನಿಲ್ಲಿ. ಈಗ ಆ ಕಾಲನ್ನ ವಾಪಸ್ ಎತ್ತಿ."

ಎತ್ತಲಾಗಲಿಲ್ಲ. ಮೈಭಾರ ಆಗಲೇ ಅದರ ಮೇಲೆ ಬಿದ್ದುಬಿಟ್ಟಿತ್ತು.

ನಾವು ದಿನಾ ನಡೆಯುವುದೇ ಹಾಗೆ: ಮುಂದಕ್ಕೆ ಚೂರು ಬೀಳುತ್ತೇವೆ, ಕಾಲು ಹೋಗಿ ಹಿಡಿದುಕೊಳ್ಳುತ್ತದೆ. ತಾಯ್ ಚಿಯಲ್ಲಿ ಪೂರ್ತಿ ಭಾರ ಹಿಂದಿನ ಕಾಲಲ್ಲೇ ಇರಬೇಕು. ಮುಂದಿನ ಕಾಲು ಖಾಲಿಯಾಗಿ ಹೋಗಿ, ಹಿಮ್ಮಡಿ ತಾಗಿಸಿ, ನೆಲ ಗಟ್ಟಿಯಿದೆಯಾ ಅಂತ ನೋಡಬೇಕು. ಆಮೇಲಷ್ಟೇ ಭಾರ ಅತ್ತ ಸಾಗಬೇಕು. ಯಾಂಗ್ ಶೈಲಿಯ ಗುರು ಯಾಂಗ್ ಚೆಂಗ್‌ಫು (1883–1936) ಹೇಳಿದ ಹತ್ತು ಸೂತ್ರಗಳಲ್ಲಿ ಖಾಲಿ ಯಾವುದು, ತುಂಬಿದ್ದು ಯಾವುದು ಎಂದು ಬೇರ್ಪಡಿಸುವುದೂ ಒಂದು. ವಿಡಿಯೋದಲ್ಲಿ ಕೈ ಕಾಣುತ್ತೆ, ಭಾರ ಎಲ್ಲಿದೆ ಅನ್ನುವುದು ಕಾಣಲ್ಲ. ನಾನು ಮೂರು ತಿಂಗಳು ನಕಲು ಮಾಡಿದ್ದು ಬರೀ ಕೈಗಳನ್ನು.

ಮಂಡಿನೋವಿನ ಮೂಲವೂ ಅಲ್ಲೇ ಇತ್ತು. ತಿರುಗುವಾಗ ಪಾದ ಒಂದು ಕಡೆ, ಮಂಡಿ ಒಳಕ್ಕೆ. ಮೇಷ್ಟ್ರು ತೊಡೆಸಂದಿಗೆ ಎರಡು ಬೆರಳು ಒತ್ತಿ, "ತಿರುಗೋದು ಇಲ್ಲಿಂದ, ಮಂಡಿಯಿಂದಲ್ಲ. ಮಂಡಿ ಕಾಲ್ಬೆರಳಿನ ದಿಕ್ಕಲ್ಲೇ ಇರ್ಲಿ" ಅಂದರು. ಕೆಲವು ವಾರಗಳಲ್ಲಿ ನೋವು ಹೋಯಿತು.

ಇನ್ನು "ನಿಧಾನ ಅಂದ್ರೆ ಸುಲಭ" ಅನ್ನುವವರಿಗೆ: ವೇಗವಾಗಿ ಮಾಡಿದರೆ ತಪ್ಪು ವೇಗದಲ್ಲೇ ಮುಚ್ಚಿಹೋಗುತ್ತೆ. ನಿಧಾನಕ್ಕೆ ಆ ಆಸರೆ ಇಲ್ಲ. ಅಲ್ಲದೆ ಇದು ಮೂಲತಃ ಕಾದಾಟದ ವಿದ್ಯೆ. ತಾಯ್ ಚಿ ಚುವಾನ್ ಅನ್ನುವ ಪೂರ್ತಿ ಹೆಸರಿನಲ್ಲಿ ಚುವಾನ್ ಅಂದರೆ ಮುಷ್ಟಿ. ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯಲ್ಲಿ ಕಲಿತ, ಯಾಂಗ್ ಶೈಲಿಯ ಮೂಲಪುರುಷ ಯಾಂಗ್ ಲುಚಾನ್ 19ನೇ ಶತಮಾನದಲ್ಲಿ ಅದನ್ನು ಬೀಜಿಂಗ್‌ಗೆ ಒಯ್ದು ಕಲಿಸಿದ. ಹಾಗಾಗಿ ಇನ್ನೊಬ್ಬರ ಕೈ ತಾಗದೆ ಇದರ ಅರ್ಧ ಭಾಗ ತಿಳಿಯುವುದೇ ಇಲ್ಲ. ಒಂದು ದಿನ ಮೇಷ್ಟ್ರು ತಮ್ಮ ಮಣಿಕಟ್ಟನ್ನು ನನ್ನದಕ್ಕೆ ತಾಗಿಸಿ "ತಳ್ಳಿ" ಅಂದರು. ತಳ್ಳಿದೆ. ಅಲ್ಲಿ ಏನೂ ಇರಲಿಲ್ಲ. ನಾನೇ ಎರಡು ಹೆಜ್ಜೆ ಮುಗ್ಗರಿಸಿದೆ. "ನೀವು ತಳ್ಳೋಕೆ ಮುಂಚೆ ನಿಮ್ಮ ಭುಜ ಹೇಳ್ಬಿಡ್ತು" ಅಂತ ನಕ್ಕರು.

ಹಾಗಂತ ಸಿಕ್ಕಿದವರನ್ನೆಲ್ಲ ಗುರು ಅನ್ನಬೇಡಿ. ಮುಟ್ಟದೆಯೇ ಜನರನ್ನು ಬೀಳಿಸ್ತೀನಿ ಅನ್ನುವವರೊಬ್ಬರ ತರಗತಿಗೆ ಒಮ್ಮೆ ಹೋಗಿದ್ದೆ, ಎರಡನೇ ದಿನ ಹೋಗಲಿಲ್ಲ. ಮಂಡಿ ನೋವು ಅಂದರೆ "ಸಹಿಸ್ಕೊಳ್ಳಿ" ಅನ್ನುವವರಿಂದಲೂ ದೂರ ಇರಿ. ವಿಡಿಯೋ ಬೇಡವೇ ಬೇಡ ಅಂತಲೂ ಅಲ್ಲ. ಮನೆಯಲ್ಲಿ ಮುಂದಿನ ಭಂಗಿ ಮರೆತರೆ ನಾನೂ ಅದನ್ನೇ ತೆಗೆದು ನೋಡುವುದು.

ಬೇಸರ ಆಗಲ್ವಾ ಅಂದರೆ, ಆಗುತ್ತೆ. ಮೇಷ್ಟ್ರ ಬಳಿ ಮೊದಲ ಎರಡು ತಿಂಗಳಲ್ಲಿ ಕಲಿತದ್ದು ಮೂರೇ ಭಂಗಿ. ಮೇಷ್ಟ್ರು ಈಗಲೂ ನಡುವೆ ನಿಲ್ಲಿಸಿ "ಎತ್ತಿ" ಅನ್ನುತ್ತಾರೆ. ಬಲಗಾಲ ಮೇಲೆ ನಿಂತಾಗ ಹತ್ತಕ್ಕೆ ಏಳು ಸಲ ಎತ್ತುತ್ತೇನೆ. ಎಡಗಾಲ ಮೇಲೆ ನಿಂತಾಗಿನ ಲೆಕ್ಕ ಕೇಳಬೇಡಿ.