ಎರಡಕ್ಕೂ ಒಗ್ಗದ ಹುಳ

ಆರು ಮಿಲಿಮೀಟರ್ ಉದ್ದದ ಹುಳದ ಜನನಾಂಗ ಕೈಜಾರಿ ನೆಲಕ್ಕೆ ಬಿದ್ದರೆ ಹುಡುಕುವುದು ಹೇಗೆ ಅಂತ ಯಾವ ತರಗತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ಆ ಬುಧವಾರ ಮಧ್ಯಾಹ್ನ ಲ್ಯಾಬಿನಲ್ಲಿ ಮಂಡಿಯೂರಿ, ಒಂದು ಕೈಯಲ್ಲಿ ಮೊಬೈಲ್ ಟಾರ್ಚ್, ಇನ್ನೊಂದರಲ್ಲಿ ಒದ್ದೆ ಬ್ರಶ್ ಹಿಡಿದು ಮೊಸಾಯಿಕ್ ನೆಲದ ಕಂದು ಚುಕ್ಕೆಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಹುಡುಕುತ್ತಿದ್ದದ್ದೂ ಕಂದೇ, ಒಂದೂವರೆ ಮಿಲಿಮೀಟರ್. ನಲವತ್ತು ನಿಮಿಷದ ಮೇಲೆ ಸಿಕ್ಕಿದ್ದು ನನ್ನದೇ ದುಪಟ್ಟಾದ ಅಂಚಿನಲ್ಲಿ.

ಹುಳ ಸಿರ್ಸಿ ಕಡೆಯದು. ಪರಿಚಯದ ಹಿರಿಯರೊಬ್ಬರ ಅಡಿಕೆ ತೋಟಕ್ಕೆ ತಾಗಿದ ಸೊಪ್ಪಿನಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ಪ್ಲಾಸ್ಟಿಕ್ ಬಟ್ಟಲನ್ನು ನೆಲದ ಮಟ್ಟಕ್ಕೆ ಹೂತು, ಸಾಬೂನು ನೀರು ಸುರಿದು, ಮೇಲೆ ಬಟ್ಟೆಯಲ್ಲಿ ಕಟ್ಟಿದ ಸಗಣಿ ಉಂಡೆ ತೂಗುಹಾಕಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಬಟ್ಟಲಲ್ಲಿ ಐವತ್ತು ಅರವತ್ತು ಹುಳ. ಪುಸ್ತಕಗಳು ಇಂಥವನ್ನೆಲ್ಲ ಜೀರುಂಡೆ ಅನ್ನುತ್ತವೆ. ನಮ್ಮೂರ ಕಡೆ ಜೀರುಂಡೆ ಅಂದರೆ ಮರದಲ್ಲಿ ಕೂತು ಕಿವಿ ಹರಿಯುವ ಹಾಗೆ ಕಿರುಚುವುದು, ಹಾಗಾಗಿ ನಾನು ಸಗಣಿ ಹುಳ ಅಂತಲೇ ಬರೆಯುತ್ತೇನೆ. ಅಂದು ಕಾಡಿನಲ್ಲಿ ನನಗೇನೂ ಹೊಸದು ಅನ್ನಿಸಿರಲಿಲ್ಲ. ಎಲ್ಲವನ್ನೂ ಸ್ಪಿರಿಟ್ ಬಾಟಲಿಗೆ ಹಾಕಿ ಬಸ್ ಹತ್ತಿದ್ದೆ.

ಅನುಮಾನ ಶುರುವಾದದ್ದು ಮೇಜಿನ ಮುಂದೆ. ಭಾರತದ ಸಗಣಿ ಹುಳಗಳ ಬಗ್ಗೆ ಗಿಲ್ಬರ್ಟ್ ಆರೋ 1931ರಲ್ಲಿ ಬರೆದ ಸಂಪುಟ ಇವತ್ತಿಗೂ ನಮ್ಮ ಪಂಚಾಂಗವಿದ್ದಂತೆ. ಅದರಲ್ಲಿ ಜೋಡಿ ಪ್ರಶ್ನೆಗಳಿವೆ: ಮೈ ಹೊಳೆಯುತ್ತದೆಯೋ, ಮಂಕೋ? ಬೆನ್ನ ಮೇಲೆ ಕೂದಲಿದೆಯೋ, ಇಲ್ಲವೋ? ಒಂದು ಉತ್ತರ ಆರಿಸಿದರೆ ಮುಂದಿನ ಜೋಡಿಗೆ ಹೋಗಬಹುದು, ಕೊನೆಗೆ ಹೆಸರು ಸಿಗುತ್ತದೆ. ನನ್ನ ಹುಳ ಆಂಥೋಫೇಗಸ್ ಎಂಬ ಕುಲದ್ದು ಅನ್ನುವವರೆಗೆ ಸುಲಭ. ಆದರೆ ಆ ಕುಲವೋ ದೊಡ್ಡ ಜಾತ್ರೆ. ಲೋಕದಲ್ಲಿ 2,000ಕ್ಕೂ ಹೆಚ್ಚು ಪ್ರಭೇದಗಳಿವೆ. ಒಂದು ಜೋಡಿಗೆ ಬಂದಾಗ ಹುಳ ಎರಡು ಉತ್ತರಕ್ಕೂ ಒಗ್ಗಲಿಲ್ಲ. ತಪ್ಪು ನನ್ನದೇ ಅಂದುಕೊಂಡು ಮೊದಲಿನಿಂದ ಬಂದೆ. ಮತ್ತೆ ಅಲ್ಲೇ ನಿಂತೆ. ಮರುದಿನವೂ ಅಲ್ಲೇ.

ಇಂಥ ಹೊತ್ತಲ್ಲಿ ಕೊಂಬು ನೋಡಿ ಮರುಳಾಗಬಾರದು. ಈ ಕುಲದ ಎಷ್ಟೋ ಪ್ರಭೇದಗಳಲ್ಲಿ, ಮರಿಯಾಗಿದ್ದಾಗ ಚೆನ್ನಾಗಿ ತಿಂದ ಗಂಡಿಗೆ ಉದ್ದ ಕೊಂಬು ಬರುತ್ತದೆ. ಅರೆಹೊಟ್ಟೆಯಲ್ಲಿ ಬೆಳೆದದ್ದಕ್ಕೆ ಬರೀ ಗುಬುಟು, ಹೆಣ್ಣಿನ ಹಾಗೇ ಕಾಣುತ್ತದೆ. ಹಿಂದಿನವರು ಹೀಗೆ ಒಂದೇ ಪ್ರಭೇದದ ಗಂಡು ಹೆಣ್ಣುಗಳಿಗೆ ಬೇರೆ ಬೇರೆ ಹೆಸರಿಟ್ಟು ಎಡವಿದ್ದುಂಟು. ಅದಕ್ಕೇ ನಾವು ಗಂಡಿನ ಜನನಾಂಗದ ಮೊರೆ ಹೋಗುವುದು. ಅದರ ತುದಿಯ ಎರಡು ಕೊಕ್ಕೆಗಳ ಬಾಗು ಊಟ ಹೆಚ್ಚು ಕಡಿಮೆಯಾದರೂ ಅಷ್ಟಾಗಿ ಬದಲಾಗುವುದಿಲ್ಲ. ಒಣಗಿದ ಹುಳವನ್ನು ಬಿಸಿನೀರಲ್ಲಿ ನೆನೆಸಿ, ಹಿಂಬದಿಯಿಂದ ಸೂಜಿಚಿಮಟದಲ್ಲಿ ಅಂಗವನ್ನು ಎಳೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟರೆ ಮಾಂಸ ಕರಗಿ ಗಟ್ಟಿ ಭಾಗ ಉಳಿಯುತ್ತದೆ. ತೊಳೆದು, ಗ್ಲಿಸರಿನ್ ಹನಿಯಲ್ಲಿಟ್ಟು ಮೈಕ್ರೋಸ್ಕೋಪಿನಡಿ ನೋಡಬೇಕು. ನನ್ನ ಬಳಿ ಇದ್ದದ್ದು ಮೂರೇ ಗಂಡು. ದುಪಟ್ಟಾದಲ್ಲಿ ಸಿಕ್ಕಿದ್ದು ಮೂರನೆಯದ್ದು. ನಡುಗುವ ಕೈಯಲ್ಲಿ ಅದನ್ನು ಗ್ಲಿಸರಿನ್‌ಗೆ ಹಾಕಿ ಕಣ್ಣಿಟ್ಟೆ. ಕೊಕ್ಕೆಯ ತುದಿ ಒಳಕ್ಕೆ ಮಡಚಿ, ಗಿಳಿಯ ಕೊಕ್ಕಿನ ಹಾಗೆ. ಮೂರರಲ್ಲೂ ಹಾಗೇ. ನಾನು ಹರಡಿಕೊಂಡಿದ್ದ ಯಾವ ಚಿತ್ರದಲ್ಲೂ ಅದಿರಲಿಲ್ಲ.

ಅಷ್ಟಕ್ಕೇ ಕುಣಿಯುವ ಹಾಗಿಲ್ಲ. 1931ರ ಮೇಲೆ ಬಂದ ಪ್ರಬಂಧಗಳನ್ನು ಜಾಲಾಡಬೇಕು, ಹತ್ತಿರದ ಪ್ರಭೇದಗಳ ಮೂಲ ಮಾದರಿಗಳನ್ನು, ಅಂದರೆ ಹೆಸರಿಡುವಾಗ ಆಧಾರವಾಗಿ ಎತ್ತಿಟ್ಟ ಹುಳಗಳನ್ನು, ನೋಡಬೇಕು. ನಮ್ಮ ಕಾಡಿನ ಹುಳಗಳ ಎಷ್ಟೋ ಮೂಲ ಮಾದರಿಗಳು ಕೂತಿರುವುದು ಲಂಡನ್ನಿನ ಸಂಗ್ರಹಾಲಯದಲ್ಲಿ, ಪ್ಯಾರಿಸ್ಸಿನಲ್ಲಿ. ಬೇಡಿಕೊಂಡು ಫೋಟೋ ತರಿಸಿದೆ. ಒಂದರ ಕೆಳಗಿನ ಚೀಟಿಯಲ್ಲಿ ಊರಿನ ಜಾಗದಲ್ಲಿ ಒಂದೇ ಶಬ್ದ: 'ಕೆನರಾ'. ಕಾರವಾರದಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ.ಆರ್. ಬೆಲ್ ಅವರಂಥವರು ಹಿಡಿದು ಕಳಿಸಿದ ಹುಳಗಳ ಮೇಲೆಲ್ಲ ಹೀಗೇ ಇರುತ್ತದೆ. ಹೊನ್ನಾವರವೂ ಕೆನರಾ, ಹಳಿಯಾಳವೂ ಕೆನರಾ. ಕಡಲ ತೀರವೋ, ಘಟ್ಟದ ನೆತ್ತಿಯೋ, ಯಾರಿಗೆ ಗೊತ್ತು? ಅಂದು ನನಗೆ ನಿಜಕ್ಕೂ ಸಿಟ್ಟು ಬಂತು. ಬೆಲ್ ಅವರ ಮೇಲಲ್ಲ. ಅವರು ಅಷ್ಟು ದುಡಿದಿರದಿದ್ದರೆ ಹೋಲಿಸುವುದಕ್ಕೂ ಏನೂ ಇರುತ್ತಿರಲಿಲ್ಲ. ಏನೇ ಇರಲಿ, ಆ ಫೋಟೋದ ಹುಳದ ಕೊಕ್ಕೆ ನೆಟ್ಟಗಿತ್ತು.

ಆ ಸಂಜೆ ಸಿರ್ಸಿಗೆ, ತೋಟದ ಆ ಹಿರಿಯರಿಗೆ ಫೋನ್ ಮಾಡಿದೆ.

"ಹೊಸಾದೆಂತದು ತಂಗಿ? ನಮ್ಮ ಕೊಟ್ಟಿಗೆ ಲೈಟಿಗೆ ಮಳೆಗಾಲದಲ್ಲಿ ಯಾವಾಗ್ಲೂ ಬರ್ತದಲ್ಲ" ಅಂದರು.

"ವಿಜ್ಞಾನಕ್ಕೆ ಹೊಸದು. ನಿಮ್ಮ ಹೆಸರಿಡ್ಲಾ ಅಂತ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸಗಣಿ ಹುಳಕ್ಕೆ ನನ್ನ ಹೆಸರಾ? ನೆಂಟರೆಲ್ಲ ಎಂತ ಹೇಳ್ತಾರೆ ಮಾರಾಯ್ತಿ, ಬೇಡ" ಅಂತ ನಕ್ಕುಬಿಟ್ಟರು. ಹಿಂದೆ ಅವರ ಮನೆಯವರು ನಗುವುದೂ ಕೇಳಿಸಿತು.

ಬೇರೆ ಹೆಸರು ಯೋಚಿಸಿದ್ದೇನೆ. ಅದನ್ನು ಇಲ್ಲಿ ಹೇಳುವುದಿಲ್ಲ. ವಿವರಣೆ, ಮೂಲ ಮಾದರಿ ಎಲ್ಲ ಸೇರಿ ಪತ್ರಿಕೆಯಲ್ಲಿ ಬರುವ ಮೊದಲೇ ಹೆಸರು ಹೊರಬಿದ್ದರೆ ಅದಕ್ಕೆ ಪ್ರಾಣಿಗಳಿಗೆ ಹೆಸರಿಡುವ ಕಾಯಿದೆಯಲ್ಲಿ ಬೆಲೆಯಿಲ್ಲ, ಗೊಂದಲ ಮಾತ್ರ. ಪ್ರಬಂಧದಲ್ಲಿ ಬೆನ್ನಿನ ಗುಳಿಗಳಿಗೆ, ರೆಕ್ಕೆಚಿಪ್ಪಿನ ಗೀರುಗಳಿಗೆ, ಕಾಲಿನ ಮುಳ್ಳುಗಳಿಗೆ ಒಂದೊಂದು ಸಾಲು. ಬರೆಯುವವರಿಗೂ ಬೇಸರ ಬರುವಂಥ ಗದ್ಯ. ನನಗೆ ಮಾತ್ರ ಹುಳ ಕಣ್ಣಿಗೆ ಕಟ್ಟಿದ್ದು ಅದನ್ನು ಬರೆಯುವಾಗಲೇ.

ರಾತ್ರಿ ಊಟವಾದ ಮೇಲೆ ಚೀಟಿ ಮಾಡಲು ಕೂತೆ. ಮೂರು ಗಂಡುಗಳಲ್ಲಿ ಉದ್ದ ಕೊಂಬಿನದನ್ನು ಮೂಲ ಮಾದರಿಯಾಗಿ ಆರಿಸಿ, ಅದರ ಸೂಜಿಗೆ ಕೆಂಪು ಚೀಟಿ ಚುಚ್ಚಿದೆ. ಕೆಳಗಿನ ಬಿಳಿ ಚೀಟಿ ಬೆರಳುಗುರಿನಷ್ಟಿದೆ. ಅದರಲ್ಲಿ ರಾಜ್ಯ, ಜಿಲ್ಲೆ, ತಾಲೂಕು, ಹಳ್ಳಿ, ಅಕ್ಷಾಂಶ, ರೇಖಾಂಶ, ಎತ್ತರ, ತಾರೀಕು, ಹಿಡಿದವರ ಹೆಸರು ಎಲ್ಲ ಹಿಡಿಸಬೇಕು. ಅಕ್ಷರ ಚಿಕ್ಕದು ಮಾಡುತ್ತಾ ಮಾಡುತ್ತಾ ಹೋದೆ. ಎಲ್ಲ ಹಿಡಿಸಿದ ಮೇಲೂ ಕೊನೆಯ ಸಾಲಲ್ಲಿ ಕೂದಲೆಳೆಯಷ್ಟು ಜಾಗ ಉಳಿದಿತ್ತು. 'ಸೊಪ್ಪಿನಬೆಟ್ಟ, ಸಗಣಿಗೆ ಬಂದದ್ದು' ಅಂತ ಸೇರಿಸಿದೆ.